ಕಾರ್ಟರ್ ಗೆದ್ದಿದ್ದರೆ ಭೂಮಿ ತಣ್ಣಗಿರುತ್ತಿತ್ತಾ?

1979ರ ಜೂನ್ 20. ಅಮೆರಿಕದ ಅಧ್ಯಕ್ಷ ಜಿಮ್ಮಿ ಕಾರ್ಟರ್ ಶ್ವೇತಭವನದ ತಾರಸಿ ಹತ್ತಿ ಪತ್ರಕರ್ತರಿಗೆ 32 ಸೋಲಾರ್ ಪ್ಯಾನೆಲ್ ತೋರಿಸಿದರು. ಕರೆಂಟ್ ಕೊಡುವವಲ್ಲ, ನೀರು ಕಾಯಿಸುವವು. ಬೆಂಗಳೂರಿನ ಮನೆಗಳ ಮೇಲೆ ಕಾಣುತ್ತವಲ್ಲ, ಅದೇ ಜಾತಿ. ಮುಂದೆ ಇದು ಬರೀ ಮ್ಯೂಸಿಯಂ ವಸ್ತುವೂ ಆಗಬಹುದು ಅಂತ ಅವತ್ತು ಅವರೇ ಹೇಳಿದ್ದರು.

ಮರುವರ್ಷ ರೇಗನ್ ಎದುರು ಸೋತರು. 1986ರಲ್ಲಿ ತಾರಸಿ ರಿಪೇರಿಗೆಂದು ಪ್ಯಾನೆಲ್ ಇಳಿಸಿದವರು ಮತ್ತೆ ಹಾಕಲಿಲ್ಲ. ಆಮೇಲೆ ಕೆಲವು ಮೇನ್ ರಾಜ್ಯದ ಒಂದು ಕಾಲೇಜಿನ ಕ್ಯಾಂಟೀನಿಗೆ ಬಿಸಿನೀರು ಕೊಟ್ಟವು.

ಕಾರ್ಟರ್ ಗೆದ್ದಿದ್ದರೆ ಕಥೆಯೇ ಬೇರೆ ಇರುತ್ತಿತ್ತು ಅನ್ನುವವರು ಬಹಳ ಜನ. ನನಗೆ ಅಷ್ಟು ನಂಬಿಕೆ ಇಲ್ಲ. ಅವರ ತಲೆನೋವು ಹವಾಮಾನವಲ್ಲ, ತೈಲ. ಇರಾನಿನಲ್ಲಿ ಕ್ರಾಂತಿ ಆಗಿತ್ತು, ಅಮೆರಿಕದ ಪೆಟ್ರೋಲ್ ಬಂಕ್‌ಗಳ ಮುಂದೆ ಉದ್ದುದ್ದ ಕ್ಯೂ. ಪ್ಯಾನೆಲ್ ತೋರಿಸಿದ ಮರುತಿಂಗಳೇ ಕಾರ್ಟರ್ ಕಲ್ಲಿದ್ದಲಿನಿಂದ ಪೆಟ್ರೋಲಿನಂಥ ಇಂಧನ ತೆಗೆಯುವ ಭಾರೀ ಯೋಜನೆ ಮುಂದಿಟ್ಟರು. ಅದು ಪೂರ್ತಿ ನಡೆದಿದ್ದರೆ ಹೊಗೆ ಇನ್ನೂ ಜಾಸ್ತಿಯೇ ಆಗುತ್ತಿತ್ತು, ಅಲ್ವಾ? ವಿಜ್ಞಾನಿಗಳು ಸುಮ್ಮನಿದ್ದರು ಅಂತಲೂ ಅಲ್ಲ. ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಇಮ್ಮಡಿಯಾದರೆ ಬಿಸಿ 1.5ರಿಂದ 4.5 ಡಿಗ್ರಿ ಏರುತ್ತದೆ ಎಂದು ಹವಾಮಾನ ವಿಜ್ಞಾನಿ ಜೂಲ್ ಚಾರ್ನಿ ಅವರ ಸಮಿತಿ ಲೆಕ್ಕ ಕೊಟ್ಟದ್ದೂ ಅದೇ ವರ್ಷ.

2000ದ ಅಮೆರಿಕದ ಅಧ್ಯಕ್ಷ ಚುನಾವಣೆಯದೂ ಇಂಥದ್ದೇ ಕಥೆ. ಫ್ಲೋರಿಡಾದಲ್ಲಿ 537 ಮತಗಳಿಂದ, ಹವಾಮಾನದ ಬಗ್ಗೆ ಕಾಳಜಿಯಿದ್ದ ಅಲ್ ಗೋರ್ ಸೋತರು. ಗೆದ್ದ ಬುಷ್ 2001ರಲ್ಲಿ, ಶ್ರೀಮಂತ ದೇಶಗಳು ಹೊಗೆ ತಗ್ಗಿಸಬೇಕೆನ್ನುವ ಕ್ಯೋಟೋ ಒಪ್ಪಂದ ಕೈಬಿಟ್ಟರು. ಆದರೆ ಗೋರ್ ಬಂದಿದ್ದರೂ ಒಪ್ಪಂದಕ್ಕೆ ಅಲ್ಲಿನ ಸಂಸತ್ತಿನ ಮೇಲ್ಮನೆಯಾದ ಸೆನೆಟ್‌ನಲ್ಲಿ 67 ಮತ ಬೇಕಿತ್ತು. ಅದೇ ಸೆನೆಟ್ 1997ರಲ್ಲಿ, ಭಾರತ, ಚೀನಾದಂಥ ದೇಶಗಳಿಗೂ ಮಿತಿ ಹಾಕದ ಒಪ್ಪಂದ ಬೇಡ ಎಂದು 95-0 ಮತದಿಂದ ನಿರ್ಣಯ ಮಾಡಿತ್ತು.

ನನ್ನನ್ನು ಕಾಡುವುದು ತಾರಸಿಯ ಪ್ಯಾನೆಲ್ ಅಲ್ಲ. ಕೊಲರಾಡೋದ ಗೋಲ್ಡನ್ ಊರಲ್ಲಿ ಕಾರ್ಟರ್ ಕಾಲದಲ್ಲಿ ಶುರುವಾದ ಸೌರಶಕ್ತಿ ಸಂಶೋಧನಾ ಸಂಸ್ಥೆ. ರೇಗನ್ ಬಂದ ಮೇಲೆ ಅದರ ಬಜೆಟ್‌ಗೆ ದೊಡ್ಡ ಕತ್ತರಿ ಬಿತ್ತು. ಅಲ್ಲಿನ ಕೆಲಸ ತಡೆಯಿಲ್ಲದೆ ನಡೆದಿದ್ದರೆ ಸೋಲಾರ್ ಹತ್ತು ಹದಿನೈದು ವರ್ಷ ಮೊದಲೇ ಅಗ್ಗ ಆಗುತ್ತಿತ್ತೇನೋ. ಇದು ನನ್ನ ಊಹೆ ಅಷ್ಟೇ.

ಶ್ವೇತಭವನದ ಆ ಪ್ಯಾನೆಲ್‌ಗಳಲ್ಲಿ ಒಂದು ಈಗ ಅಮೆರಿಕದ ಸ್ಮಿತ್‌ಸೋನಿಯನ್ ಮ್ಯೂಸಿಯಂನಲ್ಲಿದೆ. ಇನ್ನೊಂದು ಚೀನಾದ ದೆಝೌ ಊರಿನಲ್ಲಿ, ಒಂದು ಸೋಲಾರ್ ಕಂಪನಿಯ ಮ್ಯೂಸಿಯಂನಲ್ಲಿ.