ಭೂಕಂಪಕ್ಕಿಂತ ಮುಂಚೆಯೋ, ಆಮೇಲೋ?

1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಗಂಟೆ ನಾಲ್ಕಾಗಲು ಕೆಲವೇ ನಿಮಿಷಗಳಿದ್ದಾಗ, ಮಹಾರಾಷ್ಟ್ರದ ಲಾತೂರ್ ಜಿಲ್ಲೆಯ ಕಿಲ್ಲಾರಿಯ ಸುತ್ತ ನೆಲ ನಡುಗಿತು. 6.2ರಷ್ಟು ತೀವ್ರತೆಯಿದ್ದ ಆ ಕಂಪನಕ್ಕೆ, ಮಣ್ಣಿನಲ್ಲಿ ಕಲ್ಲು ಜೋಡಿಸಿ ಎಬ್ಬಿಸಿದ ದಪ್ಪ ಗೋಡೆಗಳೂ ಅವುಗಳ ಮೇಲಿನ ಭಾರವಾದ ಮಣ್ಣಿನ ಮಾಳಿಗೆಗಳೂ ಮಲಗಿದ್ದವರ ಮೇಲೆಯೇ ಕುಸಿದವು. ಸುಮಾರು ಹತ್ತು ಸಾವಿರ ಜನ ಸತ್ತರು. ಗಡಿಯ ಈಚೆ ಬೀದರ್, ಕಲಬುರಗಿ ಸೀಮೆಯಲ್ಲೂ ನೆಲ ಅಲುಗಿತು. ಆ ದಿನ ಯಾವುದೆಂದು ಆ ಭಾಗದ ಹಿರಿಯರೊಬ್ಬರನ್ನು ಕೇಳಿದರೆ ತಾರೀಖು ಬಾಯಿಗೆ ಬರದೆ ಹೋಗಬಹುದು, ಆದರೆ ‘ಗಣಪತಿ ಕಳಿಸಿದ ರಾತ್ರಿ’ ಎಂಬ ಉತ್ತರ ತಡವರಿಸದೆ ಬರುತ್ತದೆ. ವಿಸರ್ಜನೆಯ ಸಡಗರ ಮುಗಿಸಿ ಊರು ಮಲಗಿದ್ದ ಹೊತ್ತದು.

ಇದು ಮರೆವಿನ ಲಕ್ಷಣವಲ್ಲ. ಘಟನೆಯೊಂದಿಗೆ ಅದರ ದಿನಾಂಕವನ್ನೂ ಅಂಟಿಸಿ ಇಡುವ ವ್ಯವಸ್ಥೆ ನಮ್ಮ ಮಿದುಳಿನಲ್ಲಿಲ್ಲ. ಆಗ ಮಳೆಯಿತ್ತೇ, ಹಬ್ಬವಿತ್ತೇ, ಮಗಳ ಮದುವೆಯಾಗಿತ್ತೇ ಎಂಬ ಸುಳಿವುಗಳನ್ನು ಕೂಡಿಸಿಕೊಂಡು ಕಾಲವನ್ನು ನಾವು ಪ್ರತಿ ಸಲವೂ ಹೊಸದಾಗಿ ಲೆಕ್ಕ ಹಾಕುತ್ತೇವೆ. ಗುಜರಾತಿನ ಕಚ್ ಭೂಕಂಪದ ತಾರೀಖು ಇಪ್ಪತ್ತೈದು ವರ್ಷ ಕಳೆದರೂ ದೂರದವರಿಗೂ ನೆನಪಿರುವುದಕ್ಕೆ ಇದೇ ಕಾರಣವಿರಬೇಕು. ಅದು ಸಂಭವಿಸಿದ್ದು 2001ರ ಜನವರಿ 26ರ ಬೆಳಿಗ್ಗೆ, ದೇಶದೆಲ್ಲೆಡೆ ಧ್ವಜ ಏರುತ್ತಿದ್ದ ಹೊತ್ತಿನಲ್ಲಿ. ಅಂಜಾರ್ ಪಟ್ಟಣದ ಇಕ್ಕಟ್ಟಾದ ಬೀದಿಯಲ್ಲಿ ಗಣರಾಜ್ಯೋತ್ಸವದ ಮೆರವಣಿಗೆ ಹೊರಟಿದ್ದ ಶಾಲಾ ಮಕ್ಕಳು ಎರಡೂ ಬದಿಯ ಕಟ್ಟಡಗಳ ಅವಶೇಷದಡಿ ಸಿಲುಕಿ ಸತ್ತರು. ಆ ತಾರೀಖನ್ನು ಪ್ರತಿ ವರ್ಷ ರಾಷ್ಟ್ರವೇ ನೆನಪಿಸುತ್ತದೆ. ಕಿಲ್ಲಾರಿಯ ತಾರೀಖಿಗೆ ಆ ಆಸರೆಯಿಲ್ಲ. ಚಾಂದ್ರಮಾನದ ಹಬ್ಬ ಇಂಗ್ಲಿಷ್ ಕ್ಯಾಲೆಂಡರಿನಲ್ಲಿ ವರ್ಷವರ್ಷವೂ ಜಾಗ ಬದಲಿಸುವುದರಿಂದ, ಹಬ್ಬ ಮನಸ್ಸಿನಲ್ಲಿ ಉಳಿದು ಸಂಖ್ಯೆ ಜಾರಿಹೋಗುತ್ತದೆ.

ಇಂಥ ಘಟನೆಗಳು ಮಿಕ್ಕ ನೆನಪುಗಳನ್ನು ಅಳೆಯುವ ಗಡಿಕಲ್ಲುಗಳಾಗುತ್ತವೆ ಎಂಬುದನ್ನು ಪ್ರಯೋಗಗಳೂ ತೋರಿಸಿವೆ. ‘ಕಳೆದ ಆರು ತಿಂಗಳಲ್ಲಿ ನಿಮಗೆ ಇಂಥದ್ದು ಆಗಿತ್ತೇ?’ ಎಂದು ಕೇಳಿದರೆ, ಅದಕ್ಕೂ ಹಿಂದೆ ನಡೆದದ್ದನ್ನು ಜನ ಈ ಅವಧಿಯೊಳಗೆ ಎಳೆದುತಂದು ಹೇಳುವುದುಂಟು. ಅಮೆರಿಕದ ಮನೋವಿಜ್ಞಾನಿ ಎಲಿಜಬೆತ್ ಲಾಫ್ಟಸ್ ಮತ್ತು ಸಹೋದ್ಯೋಗಿ 1983ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕೆಲವರಿಗೆ ಈ ಪ್ರಶ್ನೆಯನ್ನೇ ಬದಲಿಸಿ, 1980ರ ಮೇ 18ರಂದು ಸಿಡಿದ ಅಮೆರಿಕದ ಸೇಂಟ್ ಹೆಲೆನ್ಸ್ ಜ್ವಾಲಾಮುಖಿಯನ್ನು ಗುರುತಾಗಿಟ್ಟು, ‘ಅದು ಸಿಡಿದ ಮೇಲೆ’ ಎಂದು ಕೇಳಿದ್ದರು. ಹೀಗೆ ಕೇಳಿದಾಗ ಆ ಬಗೆಯ ತಪ್ಪು ಕಡಿಮೆಯಾಯಿತು.

ಆದರೆ ದೊಡ್ಡ ದುರಂತವೆಲ್ಲವೂ ಎಲ್ಲರ ಬದುಕಿಗೂ ಗಡಿಕಲ್ಲಾಗುವುದಿಲ್ಲ. ನನಗೆ ಈ ವಿಷಯದಲ್ಲಿ ಅತ್ಯಂತ ಮುಖ್ಯವೆನಿಸುವುದು ಇದೇ. ಮನೋವಿಜ್ಞಾನಿ ನಾರ್ಮನ್ ಬ್ರೌನ್ ಮತ್ತು ಸಂಗಡಿಗರು ಹಲವು ದೇಶಗಳ ಜನರಿಗೆ ಅವರದೇ ಜೀವನದ ಘಟನೆಗಳ ಕಾಲ ಹೇಳುವಂತೆ ಕೇಳಿ, ಅವರು ಲೆಕ್ಕ ಹಾಕುವ ಬಗೆಯನ್ನು ಗಮನಿಸಿದರು. ಬೋಸ್ನಿಯಾದವರು ಯುದ್ಧವನ್ನೂ, 1999ರ ಆಗಸ್ಟ್ 17ರ ಭೂಕಂಪಕ್ಕೆ ತುತ್ತಾದ ಟರ್ಕಿಯ ಇಜ್ಮಿತ್‌ನವರು ಆ ಭೂಕಂಪವನ್ನೂ ಮತ್ತೆ ಮತ್ತೆ ಆಧಾರವಾಗಿ ಹಿಡಿದರು. ನ್ಯೂಯಾರ್ಕಿನವರಾದರೋ ಸೆಪ್ಟೆಂಬರ್ 11ರ ದಾಳಿಯನ್ನು ಹಾಗೆ ಬಳಸಿದ್ದು ತೀರಾ ಅಪರೂಪ. ಆ ದಾಳಿಯ ತಾರೀಖು ಜಗತ್ತಿಗೇ ಗೊತ್ತು, ಆದರೆ ಆ ನಗರದ ಬಹುಪಾಲು ಜನರ ಮನೆ, ಕೆಲಸ, ಓಡಾಟ ಮೊದಲಿನ ದಾರಿಗೆ ಮರಳಿದವು. ಮನೆ ಮಠ ಕಳೆದುಕೊಂಡು, ಕಿಲ್ಲಾರಿಯವರಂತೆ ಊರನ್ನೇ ಬೇರೆ ಜಾಗದಲ್ಲಿ ಕಟ್ಟಿಕೊಳ್ಳಬೇಕಾಗಿ ಬಂದವರಿಗೆ ಮಾತ್ರ ‘ಮುಂಚೆ’ ಮತ್ತು ‘ಆಮೇಲೆ’ ಎರಡು ಬೇರೆ ಬದುಕುಗಳಾಗುತ್ತವೆ.

ಸುದ್ದಿ ಕೇಳಿದ ಕ್ಷಣದ ನೆನಪು ಮಾತ್ರ ಬೇರೆ ಜಾತಿಯದು. ಸೆಪ್ಟೆಂಬರ್ 11ರ ದಾಳಿಯ ಮರುದಿನವೇ ಡ್ಯೂಕ್ ವಿಶ್ವವಿದ್ಯಾಲಯದ ಸಂಶೋಧಕರು 54 ವಿದ್ಯಾರ್ಥಿಗಳಿಂದ ಎರಡು ವಿವರಣೆ ಬರೆಸಿಕೊಂಡರು: ದಾಳಿಯ ಸುದ್ದಿ ತಿಳಿದದ್ದು ಹೇಗೆ ಎಂಬುದೊಂದು, ಅದೇ ದಿನಗಳ ಯಾವುದೋ ಸಾಮಾನ್ಯ ಘಟನೆಯದೊಂದು. ವಾರ, ತಿಂಗಳುಗಳು ಕಳೆದಂತೆ ಎರಡೂ ನೆನಪುಗಳ ವಿವರಗಳು ಒಂದೇ ವೇಗದಲ್ಲಿ ಬದಲಾದವು, ಆದರೆ ದಾಳಿಯ ನೆನಪಿನ ಬಗ್ಗೆ ಇದ್ದ ಭರವಸೆ ಮಾತ್ರ ಕುಗ್ಗಲಿಲ್ಲ. ದುಃಖದ ದಿನವನ್ನು ಕಣ್ಣಿಗೆ ಕಟ್ಟಿದಂತೆ ಹೇಳುವವರು ಸುಳ್ಳು ಹೇಳುತ್ತಿಲ್ಲ. ಆದರೂ ಯಾರು ಏನೆಂದರು, ಎಲ್ಲಿ ನಿಂತಿದ್ದರು ಎಂಬುದನ್ನು ಆ ಖಚಿತ ದನಿಯೊಂದನ್ನೇ ನೆಚ್ಚಿ ದಾಖಲೆಯೆಂದು ಸ್ವೀಕರಿಸುವಂತಿಲ್ಲ.

ಹುಟ್ಟಿದ ದಿನ ಬರೆದಿಡದ ಹಿರಿಯರ ವಯಸ್ಸು ಕಂಡುಹಿಡಿಯಲು ಜನಗಣತಿಯವರು ಬರ, ನೆರೆ, ಯುದ್ಧ, ನಾಯಕರ ಸಾವು ಮುಂತಾದ ಘಟನೆಗಳ ಪಟ್ಟಿಯನ್ನು ಬಹುಕಾಲದಿಂದ ಬಳಸುತ್ತ ಬಂದಿದ್ದಾರೆ. ಮನೆಯ ಹಿರಿಯರ ಜೀವನಕಥೆಯನ್ನು ಬರೆದಿಟ್ಟುಕೊಳ್ಳಲು ಹೊರಟವರೂ ‘ಯಾವ ಇಸವಿ?’ ಎಂದು ಕೇಳುವ ಬದಲು ಆ ಸೀಮೆಗೆ ತಟ್ಟಿದ ಘಟನೆಯನ್ನೇ ಮುಂದಿಟ್ಟು ಕೇಳುವುದು ಒಳ್ಳೆಯದು. ಬೀದರಿನ ಅಜ್ಜಿಗೆ ಕಿಲ್ಲಾರಿಯ ಭೂಕಂಪ ಒದಗಬಹುದು, ನಾಗಪಟ್ಟಿಣದ ಮೀನುಗಾರರಿಗೆ 2004ರ ಸುನಾಮಿ. ಒಂದೇ ಪಟ್ಟಿ ಎರಡೂ ಕಡೆ ನಡೆಯುವುದಿಲ್ಲ.