ಥರ್ಮಾಕೋಲ್ ಗೋಡೆ, ಕಾರಿನ ಹಿಂದೆ ಮನೆ

ಹೊಸ ಮಿಕ್ಸಿಯ ಪೆಟ್ಟಿಗೆಯೊಳಗೆ ಥರ್ಮಾಕೋಲ್ ಬರುತ್ತದಲ್ಲ, ಅದರಿಂದ ಬೆರಳಿನಷ್ಟು ದಪ್ಪದ, ಸ್ಕೇಲಿನಷ್ಟು ಉದ್ದದ ಎರಡು ಪಟ್ಟಿ ಕತ್ತರಿಸಿಕೊಳ್ಳಿ. ಒಂದನ್ನು ಎರಡೂ ತುದಿ ಹಿಡಿದು ಬಗ್ಗಿಸಿ. ಟಪ್ ಅಂತ ಮುರಿಯುತ್ತದೆ. ಇನ್ನೊಂದರ ಎರಡೂ ಮುಖಕ್ಕೆ ಫೆವಿಕಾಲ್ ಸವರಿ ಕಾಗದ ಅಂಟಿಸಿ, ಚೆನ್ನಾಗಿ ಒಣಗಲು ಬಿಡಿ. ಮಾರನೆಯ ದಿನ ಅದನ್ನು ಬಗ್ಗಿಸಿ ನೋಡಿ. ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ಕಾಗದವೂ ಮೆತ್ತಗೆ, ಥರ್ಮಾಕೋಲೂ ಮೆತ್ತಗೆ. ಈ ಬಿಗಿ ಎಲ್ಲಿಂದ ಬಂತು?

ಅಮೆರಿಕದಲ್ಲಿ ಇದೇ ಉಪಾಯದಿಂದ ಜನ ತಮ್ಮ ಕೈಯಾರೆ ಪುಟ್ಟ ಮನೆ ಕಟ್ಟಿ, ಕಾರಿನ ಹಿಂದೆ ಎಳೆದುಕೊಂಡು ಕ್ಯಾಂಪಿಂಗ್‌ಗೆ ಹೋಗುತ್ತಾರೆ. ಇಬ್ಬರು ಮಲಗುವಷ್ಟೇ ಜಾಗ. ಇದಕ್ಕೆ ಅಲ್ಲಿ ‘ಫೋಮಿ’ ಅಂತ ಮುದ್ದಿನ ಹೆಸರು. ಸಣ್ಣ ಕಾರು ಜಾಸ್ತಿ ಭಾರ ಎಳೆಯಲಾರದು, ಅದಕ್ಕೇ ಇಷ್ಟು ಒದ್ದಾಟ. ಗೋಡೆಗೆ ಎಕ್ಸ್‌ಪಿಎಸ್ ಫೋಮ್ ಹಲಗೆ. ಇದು ಥರ್ಮಾಕೋಲಿನ ದಾಯಾದಿ, ಆದರೆ ಮಣಿಮಣಿಯಾಗಿ ಉದುರುವುದಿಲ್ಲ. ಕಾಗದದ ಜಾಗದಲ್ಲಿ ಗಾಜಿನ ನಾರಿನ ಬಟ್ಟೆ, ಫೆವಿಕಾಲಿನ ಜಾಗದಲ್ಲಿ ಎಪಾಕ್ಸಿ ಎಂಬ ಗಟ್ಟಿಯಾಗುವ ರಾಳ.

ಹಲಗೆ ಬಗ್ಗಿದಾಗ ಒಂದು ಮುಖ ಹಿಗ್ಗುತ್ತದೆ, ಇನ್ನೊಂದು ಕುಗ್ಗುತ್ತದೆ. ನಡುವಿನ ಭಾಗ ಹಿಗ್ಗುವುದೂ ಇಲ್ಲ, ಕುಗ್ಗುವುದೂ ಇಲ್ಲ. ಹಾಗಾಗಿ ಗಟ್ಟಿ ವಸ್ತು ಬೇಕಿರುವುದು ಎರಡು ಮುಖಗಳಲ್ಲಿ. ನಡುವಿನದಕ್ಕೆ ಮುಖ್ಯ ಕೆಲಸ ಒಂದೇ: ಆ ಎರಡು ಪದರಗಳನ್ನು ದೂರ ಇಟ್ಟು, ಒಂದರ ಮೇಲೊಂದು ಜಾರದಂತೆ ಹಿಡಿಯುವುದು. ಪದರಗಳ ನಡುವಿನ ದೂರ ಎರಡು ಪಟ್ಟಾದರೆ ಬಿಗಿ ಹೆಚ್ಚುಕಡಿಮೆ ನಾಲ್ಕು ಪಟ್ಟಾಗುತ್ತದೆ. ತೂಕ ಮಾತ್ರ ಹೆಚ್ಚೇನೂ ಏರುವುದಿಲ್ಲ, ಯಾಕೆಂದರೆ ಸೇರಿಸಿದ್ದು ಬರೀ ಫೋಮ್.

ಲೆಕ್ಕ ಹಾಕಿ ನೋಡೋಣ. 8 ಅಡಿ ಉದ್ದ, 4 ಅಡಿ ಅಗಲದ 12 ಮಿಲಿಮೀಟರ್ ಪ್ಲೈವುಡ್ ಸುಮಾರು 20 ಕಿಲೋ ತೂಗುತ್ತದೆ. ಅಷ್ಟೇ ಅಳತೆಯ 50 ಮಿಲಿಮೀಟರ್ ಫೋಮ್ 5 ಕಿಲೋ. ಎರಡೂ ಬದಿಗೆ ತೆಳುವಾದ ಗಾಜಿನ ಬಟ್ಟೆ, ರಾಳ ಸೇರಿದರೂ 7–8 ಕಿಲೋ ದಾಟುವುದಿಲ್ಲ. ಬಾಗದೆ ನಿಲ್ಲುವುದರಲ್ಲಿ ಇದು ಆ ಪ್ಲೈವುಡ್‌ಗಿಂತ ಮುಂದೆ. ಚಳಿ ತಡೆಯುವುದರಲ್ಲಂತೂ ಹೋಲಿಕೆಯೇ ಇಲ್ಲ.

ಆದರೆ ಇದರ ಪ್ರಾಣ ಇರುವುದು ಅಂಟಿನಲ್ಲಿ. ನಿಮ್ಮ ಕಾಗದದ ಪಟ್ಟಿಯನ್ನು ಇನ್ನೂ ಜೋರಾಗಿ ಬಗ್ಗಿಸಿ, ಒಳಬಾಗಿನ ಕಡೆ ಗಮನಿಸಿ. ಅಂಟು ಸರಿಯಾಗಿ ಹಿಡಿಯದ ಜಾಗದಲ್ಲಿ ಕಾಗದ ಮೊದಲು ಸುಕ್ಕಾಗಿ ಮೇಲೇಳುತ್ತದೆ. ಮರುಕ್ಷಣ ಪಟ್ಟಿ ಅಲ್ಲೇ ಮುರಿಯುತ್ತದೆ. ಟ್ರೇಲರಿನ ಗೋಡೆಯೂ ಸೋಲುವುದು ಹೀಗೆಯೇ. ಬಟ್ಟೆಯ ಕೆಳಗೆ ಉಳಿದ ಒಂದು ಗಾಳಿಗುಳ್ಳೆ ಸಾಕು.

ಎಂ-ಸೀಲ್ ಕಲಸಿದ್ದೀರಲ್ಲ, ಅದೂ ಎಪಾಕ್ಸಿಯೇ. ರಾಳ ಮತ್ತು ಅದನ್ನು ಗಟ್ಟಿ ಮಾಡುವ ಹಾರ್ಡನರ್ ಅಣುಗಳು ಪರಸ್ಪರ ಕೈ ಹಿಡಿದು ಬಲೆಯಾಗುತ್ತವೆ. ಹಾರ್ಡನರ್ ಜಾಸ್ತಿ ಸುರಿದರೆ ಬೇಗ ಗಟ್ಟಿಯಾಗುತ್ತದೆ ಅಂತ ಹಲವರು ನಂಬಿದ್ದಾರೆ. ಅದು ತಪ್ಪು. ಜೊತೆ ಸಿಗದ ಅಣುಗಳು ಹಾಗೇ ಉಳಿದು ಬಲೆಯನ್ನು ಸಡಿಲ ಮಾಡುತ್ತವೆ. ಅದಕ್ಕೇ ತೂಕ ಮಾಡಿ ಕಲಸಬೇಕು, ಬೇಗ ಅಗಲವಾದ ತಟ್ಟೆಗೆ ಸುರಿಯಬೇಕು. ಲೋಟದಲ್ಲೇ ಬಿಟ್ಟರೆ ತನ್ನದೇ ಬಿಸಿಗೆ ಕುದಿದು ಹೊಗೆಯಾಡುತ್ತದೆ. ಅಗ್ಗ ಅಂತ ಪಾಲಿಯೆಸ್ಟರ್ ರಾಳ ತಂದರೆ ಇನ್ನೂ ಕಷ್ಟ: ಅದರಲ್ಲಿರುವ ಸ್ಟೈರೀನ್ ಈ ಫೋಮನ್ನೇ ಕರಗಿಸುತ್ತದೆ.

ಕದದ ಕೀಲು ಕೂರಿಸುವ ಜಾಗದಲ್ಲಿ ಫೋಮ್ ಕೆರೆದು ಮರದ ತುಂಡು ಅಂಟಿಸಬೇಕು, ಬರೀ ಫೋಮಿನಲ್ಲಿ ಸ್ಕ್ರೂ ನಿಲ್ಲದು. ಬೆಂಕಿ ತಗುಲಿದರೆ ಫೋಮ್ ಉರಿಯುವುದರಿಂದ ಒಲೆ ಹೊರಗಡೆಯೇ ಇರಬೇಕು.

ಅಮೆರಿಕದ ವಿಮಾನ ವಿನ್ಯಾಸಕಾರ ಬರ್ಟ್ ರೂಟಾನ್ ಇದೇ ರೀತಿ ವಿಮಾನವನ್ನೇ ಕಟ್ಟಿದರು. 1975ರಲ್ಲಿ ಹಾರಿದ ಅವರ ‘ವೇರಿ ಈಝಿ’ಯ ರೆಕ್ಕೆಗೆ, ಬಿಸಿ ತಂತಿಯಿಂದ ಕೊಯ್ದ ಫೋಮಿನ ಮೇಲೆ ಗಾಜಿನ ಬಟ್ಟೆ ಹೊದಿಸಿದ್ದರು. ನಮ್ಮ ಬೆಂಗಳೂರಿನ ವಿಮಾನ ಸಂಶೋಧನಾ ಸಂಸ್ಥೆ ಎನ್ಎಎಲ್ ತಯಾರಿಸಿದ ‘ಹಂಸ’ ವಿಮಾನದ ಮೈಯೂ ಗಾಜಿನ ನಾರು ಮತ್ತು ರಾಳದ್ದೇ. ರೂಟಾನರ ವಿಮಾನ ಕಟ್ಟುವವರು ಅದಕ್ಕೆ ಬಿಳಿ ಬಣ್ಣವನ್ನೇ ಬಳಿಯುತ್ತಾರೆ. ಕಡು ಬಣ್ಣ ಬಿಸಿಲು ಹೀರಿದರೆ ರಾಳವೂ ಫೋಮೂ ಮೆತ್ತಗಾಗುತ್ತವೆ. ಬೇಸಿಗೆಯಲ್ಲಿ ಬಯಲಲ್ಲಿ ನಿಲ್ಲುವ ‘ಫೋಮಿ’ ಮನೆಗೂ ಬಿಳಿಯೇ ಸರಿ.