ಕರ್ಕ್‌ಸ್ಟಾಲ್ ಫೋರ್ಜ್‌ಗೆ ನಿಜಕ್ಕೂ ಎಂಟುನೂರು ವರ್ಷವೇ?

ಓದುಗರ ಪ್ರಶ್ನೆ: ಇಂಗ್ಲೆಂಡಿನ ಲೀಡ್ಸ್ ನಗರದ ಕರ್ಕ್‌ಸ್ಟಾಲ್ ಫೋರ್ಜ್ ಎಂಬ ಕಬ್ಬಿಣ ಕಾಯಿಸಿ ಬಡಿಯುವ ಕಾರ್ಖಾನೆ 1200ನೇ ಇಸವಿಯಲ್ಲಿ ಶುರುವಾಯಿತು ಎಂದು ಓದಿದ್ದೇನೆ. ಒಂದು ಕಂಪನಿ ಅಷ್ಟು ಕಾಲ ಬಾಳಿತೇ?

ಉತ್ತರ: ಇಲ್ಲ, ಕಂಪನಿಗೆ ಅಷ್ಟು ವಯಸ್ಸಾಗಿರಲಿಲ್ಲ. 1200 ಎಂಬ ಇಸವಿಯನ್ನು ಕಾರ್ಖಾನೆಯವರೇ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರು. ಆ ಮಾತಿನ ಬೇರು ಹತ್ತಿರದ ಕರ್ಕ್‌ಸ್ಟಾಲ್ ಮಠದಲ್ಲಿದೆ. ಸಿಸ್ಟರ್ಸಿಯನ್ ಎಂಬ ಕ್ರೈಸ್ತ ಪಂಥದ ಸಂನ್ಯಾಸಿಗಳು 1152ರಲ್ಲಿ ಏರ್ ನದಿಯ ದಡಕ್ಕೆ ಬಂದು ನೆಲೆಸಿದರು. ಕುರಿ ಸಾಕುವುದರಲ್ಲಿ ಹೆಸರಾಗಿದ್ದ ಈ ಪಂಥದವರಿಗೆ ಕಬ್ಬಿಣದ ಕೆಲಸವೂ ಚೆನ್ನಾಗಿ ಒಗ್ಗಿತ್ತು. ಆದರೆ ಇಂಗ್ಲೆಂಡಿನ ದೊರೆ ಎಂಟನೇ ಹೆನ್ರಿಯ ಕಾಲದಲ್ಲಿ, 1539ರಲ್ಲಿ, ಮಠ ಮುಚ್ಚಿತು. ಅವರ ಕುಲುಮೆಯಿಂದ ಮುಂದಿನ ಕಾರ್ಖಾನೆಯವರೆಗೆ ಎಲ್ಲೂ ಕಡಿಯದ ಕೊಂಡಿಯಿತ್ತು ಎನ್ನಲು ಗಟ್ಟಿ ಆಧಾರವಿಲ್ಲ. 1779ರಲ್ಲಿ ಬಟ್ಲರ್ ಮತ್ತು ಬೀಕ್ರಾಫ್ಟ್ ಮನೆತನಗಳು ಇಲ್ಲಿನ ಫೋರ್ಜನ್ನು ವಹಿಸಿಕೊಂಡವು; ಕಂಪನಿಯ ಚರಿತ್ರೆಯನ್ನು ಅಲ್ಲಿಂದ ಎಣಿಸುವುದೇ ನ್ಯಾಯ ಎಂಬುದು ನನ್ನ ಅಭಿಪ್ರಾಯ. ಹಾಗೆ ಎಣಿಸಿದರೂ ಇನ್ನೂರು ವರ್ಷ ದಾಟುತ್ತದೆ, ಅದೇನು ಕಡಿಮೆಯೇ!

ಮೊದಮೊದಲು ಇಲ್ಲಿನ ಸುತ್ತಿಗೆಗಳನ್ನು ಎತ್ತುತ್ತಿದ್ದದ್ದು ಏರ್ ನದಿಯ ನೀರು. ಚಕ್ರ ತಿರುಗಿದಂತೆ ಭಾರವಾದ ಸುತ್ತಿಗೆಯ ತಲೆ ಮೇಲೆದ್ದು ಅಡಿಗಲ್ಲಿನ ಮೇಲೆ ಬೀಳುತ್ತಿತ್ತು. ಸಲಿಕೆ, ಕೊಡಲಿ ಮಾಡುತ್ತಿದ್ದ ಕಾಲ ಕಳೆದು, ಗಾಲಿಗಳನ್ನು ಹೊರುವ ದಂಡಗಳು, ಅಂದರೆ ಬಂಡಿಗಳ ಆಕ್ಸಲ್‌ಗಳು ಬಂದವು. ಇಪ್ಪತ್ತನೇ ಶತಮಾನದಲ್ಲಿ ಲಾರಿ, ಬಸ್‌ಗಳ ಆಕ್ಸಲ್‌ಗಳಿಂದಲೇ ಕರ್ಕ್‌ಸ್ಟಾಲ್ ಮನೆಮಾತಾಯಿತು.

ಲಾರಿಯ ಮುಂದಿನ ಆಕ್ಸಲ್ ತೊಲೆಯನ್ನೇ ನೋಡಿ. ಎಂಜಿನ್ನಿನ ಭಾರವನ್ನೂ ರಸ್ತೆಯ ಪ್ರತಿ ಗುಂಡಿಯ ಪೆಟ್ಟನ್ನೂ ಅದು ತಾಳಬೇಕು. ಇಂಥದ್ದಕ್ಕೆ ಡ್ರಾಪ್ ಫೋರ್ಜಿಂಗ್ ಹೇಳಿ ಮಾಡಿಸಿದ ವಿಧಾನ. ಉಕ್ಕಿನ ಗಟ್ಟಿಯನ್ನು ಸುಮಾರು 1200 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿ, ಇಕ್ಕಳದಲ್ಲಿ ಹಿಡಿದು ಕೆಳಗಿನ ಅಚ್ಚಿನ ಮೇಲೆ ಇಡುತ್ತಾರೆ. ಅಚ್ಚಿನ ಇನ್ನರ್ಧವನ್ನು ಹೊತ್ತ ಸುತ್ತಿಗೆ ಮೇಲಿನಿಂದ ಅಪ್ಪಳಿಸುತ್ತದೆ. ಪೆಟ್ಟು ಬಿದ್ದಂತೆಲ್ಲ ಸುಟ್ಟ ಕಬ್ಬಿಣದ ಸಿಪ್ಪೆ ಸಿಡಿಯುತ್ತದೆ, ಉಕ್ಕು ಅಚ್ಚಿನ ಮೂಲೆಮೂಲೆಗೂ ನುಗ್ಗುತ್ತದೆ. ಹೆಚ್ಚಾದ ಲೋಹ ಅಂಚಿನಲ್ಲಿ ತೆಳುವಾಗಿ ಹೊರಚೆಲ್ಲುತ್ತದೆ. ಅದನ್ನು ಬಳಿಕ ಕತ್ತರಿಸುತ್ತಾರೆ. ಲೋಹದೊಳಗಿನ ಎಳೆಗಳು ವಸ್ತುವಿನ ಆಕಾರವನ್ನೇ ಹಿಡಿದು ಬಾಗುತ್ತವೆ, ಕಡಿದುಹೋಗುವುದಿಲ್ಲ. ಗಟ್ಟಿಯಿಂದ ಕೊರೆದು ತೆಗೆದ ಆಕ್ಸಲ್‌ಗೆ ಈ ಬಲ ಬಾರದು.

ಹಾಗಾದರೆ ಇಂಥ ಕಾರ್ಖಾನೆ ಮುಚ್ಚಿದ್ದೇಕೆ? 1974ರಲ್ಲಿ ಬ್ರಿಟನ್ನಿನ ಎಂಜಿನಿಯರಿಂಗ್ ಸಂಸ್ಥೆ ಜಿಕೆಎನ್ ಈ ಕಂಪನಿಯನ್ನು ಕೊಂಡಿತು, 1990ರ ದಶಕದಲ್ಲಿ ಅದು ವಾಹನಗಳ ಬಿಡಿಭಾಗ ಮಾಡುವ ಅಮೆರಿಕದ ಡಾನಾ ಕಂಪನಿಯ ಕೈಸೇರಿತು. ಅಷ್ಟರಲ್ಲಿ ಬ್ರಿಟನ್ನಿನ ಲಾರಿ ಉದ್ಯಮವೇ ಸೊರಗಿತ್ತು. ಲಾರಿ ತಯಾರಕ ಲೇಲ್ಯಾಂಡ್ ಡಾಫ್ 1993ರಲ್ಲಿ ಕುಸಿಯಿತು. ಲಾರಿ ಕಟ್ಟುವವರೇ ಕರಗಿಹೋದರೆ ಆಕ್ಸಲ್ ಬಡಿಯುವವರಿಗೆ ಕೆಲಸ ಎಲ್ಲಿಂದ ಬರಬೇಕು? ಕುಶಲ ಕೆಲಸಗಾರರಲ್ಲಿ ಯಾವ ಕೊರತೆಯೂ ಇರಲಿಲ್ಲ ಎಂದೇ ನಾನು ನಂಬಿದ್ದೇನೆ. 2001ರಲ್ಲಿ ಪುಣೆಯ ಭಾರತ್ ಫೋರ್ಜ್ ಡಾನಾ ಕರ್ಕ್‌ಸ್ಟಾಲ್‌ನ ಆರ್ಡರುಗಳನ್ನು ಕೊಂಡುಕೊಂಡಿತು. ಕೆಲವೇ ವರ್ಷಗಳಲ್ಲಿ ಲೀಡ್ಸ್‌ನ ಕಾರ್ಖಾನೆ ನಿಂತಿತು. ಆ ಜಾಗದಲ್ಲಿ ಈಗ ಹೊಸ ಬಡಾವಣೆ ಎದ್ದಿದೆ, 2016ರಲ್ಲಿ ಕರ್ಕ್‌ಸ್ಟಾಲ್ ಫೋರ್ಜ್ ಹೆಸರಿನದೇ ರೈಲು ನಿಲ್ದಾಣವೂ ತೆರೆದಿದೆ. ನೀರಿನ ಬಲದಿಂದ ನಡೆಯುತ್ತಿದ್ದ ಹಳೆಯ ಸುತ್ತಿಗೆಗಳನ್ನು ಅಲ್ಲೇ ಉಳಿಸಿಕೊಂಡಿದ್ದಾರೆ.